ನಲ್ಲಿ ನೀರು ಮತ್ತು ಸೊಸೆಯ ಕಾಲ್ಗುಣ

ಮದ್ದೂರಿನ ನನ್ನ ತಂಗಿಯ ಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಈಶಾನ್ಯ ಮೂಲೆಯ ಮೀನಿನ ತೊಟ್ಟಿ. ಸೊಂಟದೆತ್ತರದ ಸ್ಟ್ಯಾಂಡು, ಅದರ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ನೀಲಿ ಬಣ್ಣದ ಕಲ್ಲು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ. ಮೀನನ್ನು ಸಾರಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರದ ಮನೆ ಅದು. ಗೃಹಪ್ರವೇಶದ ಹೊತ್ತಿಗೆ ಒಬ್ಬ ವಾಸ್ತು ಪಂಡಿತ ಬಂದು, ಈಶಾನ್ಯದಲ್ಲಿ ನೀರು ಆಡುತ್ತಿರಬೇಕು, ಕೆಂಪು ಮೀನುಗಳ ನಡುವೆ ಒಂದು ಕರಿ ಮೀನು ಇರಬೇಕು ಎಂದು ಹೇಳಿಹೋದ. ಅವನು ಹೇಳಿದ್ದರೆ ನಿಜವಾದ ಮೊಸಳೆಯನ್ನೇ ತಂದು ಸಾಕುತ್ತಿದ್ದರು. ಸದ್ಯ, ಪ್ಲಾಸ್ಟಿಕ್ಕಿನದರಲ್ಲೇ ಮುಗಿಯಿತು.

ಆ ಪಂಡಿತ ಇನ್ನೊಂದು ಮಾತನ್ನೂ ಬಿಟ್ಟುಹೋಗಿದ್ದ. ಮೀನು ಸತ್ತರೆ ಬೇಜಾರು ಮಾಡಿಕೊಳ್ಳಬೇಡಿ, ಮನೆಗೆ ಬರಬೇಕಾಗಿದ್ದ ಕಂಟಕವನ್ನು ಅದು ತನ್ನ ಮೇಲೆ ಹಾಕಿಕೊಂಡು ಹೋಯಿತು ಎಂದು ತಿಳಿಯಿರಿ ಎಂದಿದ್ದ. ಇದಕ್ಕಿಂತ ಅನುಕೂಲದ ಶಾಸ್ತ್ರ ಇನ್ನೊಂದಿಲ್ಲ. ಮೀನು ಬದುಕಿದರೆ ವಾಸ್ತು ಸರಿಯಾಗಿದೆ, ಸತ್ತರೆ ಇನ್ನೂ ಸರಿಯಾಗಿದೆ. ತೊಟ್ಟಿಯಲ್ಲಿ ಆಗೊಂದು ಈಗೊಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದಾಗ ನನ್ನ ತಂಗಿ ಕೈ ಮುಗಿದು ಅದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ಆ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು, ಬೇರೆಯವರು ತನ್ನ ಬದಲು ಇಂಜೆಕ್ಷನ್ ಚುಚ್ಚಿಸಿಕೊಂಡರೆ ಆಗುವಂಥದ್ದು.

ನಾನು ಇರುವುದು ಮಂಡ್ಯದ ಗುತ್ತಲಿನಲ್ಲಿ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತಳಾದವಳು. ನನಗೂ ಮೀನಿಗೂ ನಂಟು ಬೆಳೆದದ್ದು ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರಿಗೆ ವರ್ಗವಾದಾಗ. ತಮ್ಮ ತೊಟ್ಟಿಯನ್ನು ಲಾರಿಗೆ ಏರಿಸಲು ಧೈರ್ಯ ಸಾಲದೆ, "ಮೇಡಂ, ಒಬ್ರೇ ಇರ್ತೀರಲ್ಲ, ಜೊತೆಯಾಗುತ್ತೆ" ಎಂದು ನನ್ನ ನಡುಮನೆಯಲ್ಲಿ ಇಳಿಸಿ ಹೋದರು. ಗಂಡ ಸತ್ತ ಹೆಂಗಸಿಗೆ ಮೀನು ಜೊತೆಯಾಗುತ್ತದೆ ಎಂದುಕೊಂಡ ಆ ಮಹಾನುಭಾವರ ಕರುಣೆಯನ್ನು ಇವತ್ತಿಗೂ ಮರೆತಿಲ್ಲ. ಆದರೆ ಮಾತು ನಿಜವಾಯಿತು. ಮೀನು ಒಳ್ಳೆಯ ಜೊತೆ, ಯಾಕೆಂದರೆ ಅದಕ್ಕೆ ಅಭಿಪ್ರಾಯಗಳಿಲ್ಲ.

ಅವರು ಬಿಟ್ಟುಹೋದ ಮೀನುಗಳು ನಾನು ನೀರು ಬದಲಾಯಿಸಿದ ಮಾರನೆಯ ದಿನವೇ ಸತ್ತವು. ನಾನು ಯಾರ ಕಾಲನ್ನೂ ನೋಡಲಿಲ್ಲ, ಯಾರ ಜಾತಕವನ್ನೂ ತೆಗೆಸಲಿಲ್ಲ. ನೀರನ್ನು ನೋಡಿದೆ. ಒಂದು ಲೋಟ ಹಿಡಿದು ಮೂಗಿನ ಹತ್ತಿರ ತಂದರೆ ಸಾಕಾಗಿತ್ತು, ಬ್ಲೀಚಿಂಗ್ ಪುಡಿಯ ವಾಸನೆ. ಮನುಷ್ಯರ ಹೊಟ್ಟೆ ಕೆಡದಿರಲಿ ಎಂದು ಹಾಕುವ ಕ್ಲೋರಿನ್ನು ಮೀನಿನ ಕಿವಿರನ್ನು ಸುಡುತ್ತದೆ. ಬಾಯಿ ಅಗಲವಾದ ಡ್ರಮ್ಮಿನಲ್ಲಿ ಒಂದು ದಿನ ನೀರನ್ನು ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಹರಳನ್ನು ಚಿಟಿಕೆಯಷ್ಟು ಹಾಕಿದರೂ ಆಯಿತು. ಇದು ಬ್ರಹ್ಮವಿದ್ಯೆಯಲ್ಲ. ಆಮೇಲೆ ನನ್ನ ಮನೆಯಲ್ಲಿ ಮೀನುಗಳು ಮುಪ್ಪಾಗಿ ಸತ್ತವೇ ಹೊರತು ಬೇರೆ ಯಾವುದಕ್ಕೂ ಅಲ್ಲ.

ಈಗ ಕಾವೇರಿಯ ವಿಷಯ. ನಮ್ಮ ಜಿಲ್ಲೆಯಲ್ಲಿ ಅವಳ ಬಗ್ಗೆ ಎರಡು ಮಾತಾಡುವ ಹಾಗಿಲ್ಲ. ಅವಳಿಗಾಗಿ ಹೆದ್ದಾರಿಯಲ್ಲಿ ಕೂರುತ್ತೇವೆ, ಟೈರು ಸುಡುತ್ತೇವೆ, ರಕ್ತ ಕೊಟ್ಟೇವು ನೀರು ಕೊಡೆವು ಎಂದು ಕೂಗುತ್ತೇವೆ. ಸಂಜೆ ಮನೆಗೆ ಬಂದು ಕ್ಯಾನ್ ನೀರು ಕುಡಿಯುತ್ತೇವೆ. ನನ್ನ ತಂಗಿಯ ಗಂಡನಿಗೆ ಸೋಮನಹಳ್ಳಿಯಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಧರಣಿ ಎಂದರೆ ಶಟರ್ ಎಳೆದು ಮೊದಲ ಸಾಲಿನಲ್ಲಿ ಕೂರುವ ಮನುಷ್ಯ. ಅಂಥವನ ಮನೆಗೆ ಕಾವೇರಿ ನಲ್ಲಿ ಬಂದದ್ದು ತಡವಾಗಿ. ಬಡಾವಣೆ ಹೊಸದು, ಅಲ್ಲಿಯವರೆಗೆ ಬೋರ್‌ವೆಲ್ ನೀರೇ. ಆ ನೀರು ಗಡುಸು, ಪಾತ್ರೆಯಲ್ಲಿ ಬಿಳಿ ಕಲೆ ಕೂರುತ್ತಿತ್ತು, ಆದರೆ ಅದಕ್ಕೆ ಯಾರೂ ಏನೂ ಬೆರೆಸುತ್ತಿರಲಿಲ್ಲ. ಅದರಲ್ಲೇ ಆ ತೊಟ್ಟಿಯ ಮೀನುಗಳು ತಕ್ಕಮಟ್ಟಿಗೆ ಬದುಕಿಕೊಂಡಿದ್ದವು.

ವೈಶಾಖದಲ್ಲಿ ತಂಗಿಯ ಮಗನ ಮದುವೆಯಾಯಿತು. ಹುಡುಗಿ ಮಳವಳ್ಳಿಯ ಒಬ್ಬ ಮೇಷ್ಟರ ಮಗಳು, ಡಿಗ್ರಿ ಓದಿದವಳು, ಕಡಿಮೆ ಮಾತು. ಅವಳು ಸೇರು ಒದ್ದು ಒಳಗೆ ಬಂದ ವಾರದಲ್ಲೇ ಕಾವೇರಿ ನಲ್ಲಿಯೂ ಬಂತು. ನನ್ನ ತಂಗಿ ನಲ್ಲಿಯ ಕತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಮೊದಲನೆಯ ಬಿಂದಿಗೆಯನ್ನು ದೇವರ ಮನೆಗೆ ಇಟ್ಟಳು. ಆಮೇಲೆ ಮೀನುಗಳೂ ತಾಯಿಯ ಮಡಿಲು ಸೇರಲಿ ಎಂದು ತೊಟ್ಟಿಯ ಬೋರ್‌ವೆಲ್ ನೀರನ್ನು ಪೂರ್ತಿ ಬಗ್ಗಿಸಿ, ಕಾವೇರಿಯನ್ನು ಕಂಠಮಟ್ಟ ತುಂಬಿದಳು. ಮಾರನೆಯ ಬೆಳಿಗ್ಗೆ ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು.

ಇಲ್ಲಿ ಶಾಸ್ತ್ರ ತಿರುಗಿಕೊಂಡಿತು. ಮದುವೆಗೆ ಮುಂಚೆ ಸತ್ತ ಮೀನು ಕಂಟಕ ತೆಗೆದುಕೊಂಡು ಹೋಗಿತ್ತು. ಮದುವೆಯಾದ ಮೇಲೆ ಸತ್ತ ಮೀನು ಕಂಟಕ ಬಂದಿದೆ ಎಂದು ಹೇಳತೊಡಗಿತು. ಮನೆಗೆ ಹೊಸದಾಗಿ ಬಂದದ್ದು ಎರಡು, ನಲ್ಲಿ ಮತ್ತು ಸೊಸೆ. ನಲ್ಲಿಗೆ ಕುಂಕುಮ ಹಚ್ಚಿಯಾಗಿತ್ತು, ಆದ್ದರಿಂದ ಅನುಮಾನ ಉಳಿದವಳ ಮೇಲೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಇಂಥ ಮನೆಗಳಿಗೇ ಹುಟ್ಟಿದ್ದು. ಹೊಸ ಮೀನು ತಂದರು, ಹೊಸ ಕಾವೇರಿ ತುಂಬಿದರು, ಮತ್ತೆ ಸತ್ತವು. "ಕಾಲ್ಗುಣ" ಎಂಬ ಮಾತನ್ನು ನನ್ನ ತಂಗಿ ಮೊದಲು ಅಡುಗೆಮನೆಯಲ್ಲಿ ಪಿಸುಗುಟ್ಟಿದಳು, ಆಮೇಲೆ ನಡುಮನೆಯಲ್ಲಿ.

ಆಷಾಢ ಬಂತು. ಹೊಸ ಸೊಸೆ ವಾಡಿಕೆಯಂತೆ ತವರಿಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಇತ್ತ ರಸ್ತೆ ಅಗೆಯುವವರು ಕಾವೇರಿ ಪೈಪನ್ನು ಒಡೆದರು. ತಿಂಗಳೊಪ್ಪತ್ತು ಬಡಾವಣೆಗೆಲ್ಲ ಬೋರ್‌ವೆಲ್ ನೀರೇ ಗತಿಯಾಯಿತು. ತೊಟ್ಟಿಗೂ ಅದೇ ಹೋಯಿತು. ಆ ತಿಂಗಳು ತಂದ ಮೀನುಗಳು ಒಂದೂ ಸಾಯಲಿಲ್ಲ, ದಪ್ಪ ಕೂಡ ಆದವು. ಶ್ರಾವಣದಲ್ಲಿ ಪೈಪ್ ಸರಿಹೋಯಿತು, ಹುಡುಗಿಯೂ ಹಿಂತಿರುಗಿದಳು. ಮಳೆಗಾಲದ ಕೆಂಪು ನೀರಿಗೆ ಬ್ಲೀಚಿಂಗ್ ಪುಡಿ ಇನ್ನೂ ಜಾಸ್ತಿ ಬೀಳುವ ಕಾಲ. ನಾಲ್ಕು ಬಿಂದಿಗೆ ಕಾವೇರಿ ಹುಯ್ದದ್ದೇ ಮೀನುಗಳು ಮೂಲೆ ಸೇರಿ ಬಾಯಿ ಬಾಯಿ ಬಿಟ್ಟು ಸತ್ತವು. ಇನ್ನು ಸಾಕ್ಷಿ ಬೇಕೆ?

ಆಗ ತಂಗಿ ನನಗೆ ಫೋನ್ ಮಾಡಿದಳು. ಮೊದಲು ನನ್ನ ಮಂಡಿನೋವು ಕೇಳಿದಳು. ಅವಳು ನನ್ನ ಮಂಡಿ ವಿಚಾರಿಸಿದರೆ ಹಿಂದೆ ಬೇರೆ ಏನೋ ಇದೆ ಎಂದೇ ಅರ್ಥ.

"ಅಕ್ಕ, ಜೋಯಿಸ್ರತ್ರ ಓಗಿದ್ದೆ ಕಣೆ. ಒಂದು ವರ್ಸ ಅವಳು ತವರಲ್ಲೇ ಇರ್ಲಿ ಅಂದ್ರು. ಗ್ರಾಚಾರ ಕಳುದ್ ಮ್ಯಾಲೆ ಕರ್ಕೊಳಿ ಅಂದ್ರು."

"ನಿನ್ನ ಮಗ ಏನಂತಾನೆ?"

"ಅವ್ನೇನಂದಾನು. ಅಮ್ಮ ಏಳ್ದಂಗೆ ಅಂದ."

ಒಂದು ವರ್ಷ ತವರಿನಲ್ಲಿ ಬಿಟ್ಟ ಹುಡುಗಿಯನ್ನು ಆಮೇಲೆ ಕರೆದುಕೊಳ್ಳುತ್ತಾರೆಯೇ ಇಲ್ಲವೇ ಎಂದು ಹೇಳಲು ಜೋಯಿಸರು ಬೇಕಾಗಿಲ್ಲ. ಮಳವಳ್ಳಿಯ ಬೀದಿಯಲ್ಲಿ ಅವಳು ತಲೆ ಎತ್ತಿ ನಡೆಯುವ ಹಾಗಿರುವುದಿಲ್ಲ, ಅಪ್ಪ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂರುವ ಹಾಗಿರುವುದಿಲ್ಲ. ಅದೂ ಅಂಗೈಯಗಲದ ಮೀನಿಗಾಗಿ. ನನಗೆ ಮೈಯೆಲ್ಲ ಉರಿಯಿತು. ಕಾಲ್ಗುಣದ ರುಚಿ ನನಗೆ ಗೊತ್ತು. ಗಂಡ ಹೋದ ಮೇಲೆ ಇದೇ ತಂಗಿಯ ಮಗನ ಮದುವೆಯಲ್ಲಿ ನನ್ನನ್ನು ಆರತಿ ತಟ್ಟೆಯಿಂದ ದೂರ, ಊಟದ ಉಸ್ತುವಾರಿಗೆ ಹಾಕಿದ್ದರು. ಮಾರನೆಯ ಬೆಳಿಗ್ಗೆಯೇ ಮದ್ದೂರಿನ ಬಸ್ಸು ಹಿಡಿದೆ.

ಹೋಗಿ ನೋಡಿದರೆ ತೊಟ್ಟಿಯಲ್ಲಿ ಬರೀ ನೀರು. ಮೊಸಳೆ ಒಂದೇ ಬಾಯಿ ಬಿಡುತ್ತಿತ್ತು. ಅಡುಗೆಮನೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದು ತಂಗಿಯ ಗಂಡನ ಮೂಗಿಗೆ ಹಿಡಿದೆ.

"ಏನು ವಾಸನೆ?"

"ಕಾವೇರಿ ವಾಸ್ನೆ ಅತ್ಗೆ."

"ಬ್ಲೀಚಿಂಗ್ ಪುಡಿ ವಾಸನೆ. ಮೀನು ಸಾಯ್ತಿರೋದು ಇದಕ್ಕೆ."

ಅವನು ನಕ್ಕ. ಪಾಪ ಓದಿ ಓದಿ ಕೆಟ್ಟಿದ್ದಾಳೆ ಎನ್ನುವ ನಗು. "ಅಲ್ಲ ಅತ್ಗೆ, ಕಾವೇರಿ ನೀರ್ಗೆ ಮೀನ್ ಸಾಯಂಗಿದ್ರೆ ಒಳೇಲಿ ಒಂದ್ ಮೀನಾದ್ರೂ ಉಳೀತಿತ್ತಾ?"

"ಹೊಳೆಗೆ ಯಾರೂ ಪುಡಿ ಹಾಕಲ್ಲ. ನಿಮ್ಮ ಪೈಪಿಗೆ ಹಾಕ್ತಾರೆ. ಅಷ್ಟು ಒಳ್ಳೇ ನೀರಾದ್ರೆ ನೀವ್ಯಾಕೆ ಕ್ಯಾನ್ ನೀರು ಕುಡೀತೀರಿ?"

"ಅದು ಗ್ಯಾಸ್ ಟ್ರಬಲ್ಗೆ" ಎಂದ.

ಆಷಾಢದಲ್ಲಿ ಮೀನು ಬದುಕಿದ್ದು ಬೋರ್‌ವೆಲ್ ನೀರಿಗೆ ಎಂದೆ. ತಂಗಿ, "ಬುಡಕ್ಕ, ನಿನಗೆ ಎಲ್ಲಾದಕ್ಕೂ ಒಂದು ಲೆಕ್ಕ" ಎಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ಇವರು ತಿರುಗಿ ನನಗೇ ಸಂಗೀತ ಹೇಳಿಕೊಡುತ್ತಿದ್ದರು. ಅವರ ಮಗ ಸೋಫಾದಲ್ಲಿ ಮೊಬೈಲು ಹಿಡಿದು ಕೂತಿದ್ದ. ಹೆಂಡತಿಯ ಬಾಳು ಅಲ್ಲಾಡುತ್ತಿರುವಾಗ ಅಷ್ಟು ನೆಮ್ಮದಿಯಿಂದ ಬೆರಳಾಡಿಸುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ನಾನು ದನಿ ಏರಿಸಿ, ದಸರಾವರೆಗೆ ಯಾರೂ ಆ ತೊಟ್ಟಿಗೆ ಕೈ ಹಾಕಬಾರದು, ಹುಡುಗಿಯೊಬ್ಬಳೇ ನೋಡಿಕೊಳ್ಳಲಿ, ಆಮೇಲೂ ಮೀನು ಸತ್ತರೆ ನಿಮ್ಮ ಜೋಯಿಸರು ಹೇಳಿದಂತೆ ಮಾಡಿ ಎಂದೆ. ಒಪ್ಪಿದರು. ಅವರಿಗೆ ನಷ್ಟವೇನಿತ್ತು? ಮೀನು ಸತ್ತರೆ ಪಾಪ ನನ್ನ ತಲೆಗೂ ಒಂದಿಷ್ಟು ಬರುತ್ತಿತ್ತು.

ಹುಡುಗಿ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಹಳೆಯ ನೀಲಿ ಡ್ರಮ್ಮು ತೊಳೆಸಿದೆ. ನಲ್ಲಿ ನೀರನ್ನು ಅದರಲ್ಲಿ ತುಂಬಿ ಒಂದು ದಿನ ಬಿಸಿಲಿಗೆ ಬಿಡು, ಆಮೇಲೆ ತೊಟ್ಟಿಗೆ ಹಾಕು ಎಂದೆ. ಒಂದೇ ಸಲಕ್ಕೆ ಎಲ್ಲ ನೀರನ್ನೂ ಬದಲಾಯಿಸಬೇಡ, ಕಾಲುಭಾಗ ತೆಗೆದು ಕಾಲುಭಾಗ ಹಾಕು ಎಂದೆ. ಅವಳು ಫಿಲ್ಟರಿನ ಬಗ್ಗೆ ಕೇಳಿದಳು. ಅದು ಮುಖ್ಯವಾದ ಪ್ರಶ್ನೆ, ಆ ಮನೆಯಲ್ಲಿ ಮೊದಲನೆಯ ಬಾರಿಗೆ ಒಬ್ಬರು ಕೇಳಿದ್ದು.

ಒಳಗೆ ಬಂದು ತೊಟ್ಟಿಯ ಮೋಟಾರಿನ ಹಿಂದೆ ಇರುವ ಸ್ಪಂಜನ್ನು ತೆಗೆದು ತೋರಿಸಿದೆ. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಈ ಲೋಳೆಯೇ ಫಿಲ್ಟರು ಎಂದೆ. ಇದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಮೀನಿನ ಗಲೀಜನ್ನು ತಿಂದು ಜೀರ್ಣಿಸಿಕೊಳ್ಳುತ್ತವೆ, ಇವು ಸತ್ತರೆ ಮೀನು ತನ್ನ ಉಚ್ಚೆಯಲ್ಲಿ ತಾನೇ ಸಾಯುತ್ತದೆ. ಇದನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯಬೇಡ, ಸೋಪಂತೂ ಮುಟ್ಟಿಸಲೇಬೇಡ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ಹಿಂಡು. ಮೋಟಾರನ್ನು ಎಂದೂ ಆಫ್ ಮಾಡಬೇಡ, ನೀರು ಓಡದಿದ್ದರೆ ಅವು ಉಸಿರು ಕಟ್ಟಿ ಸಾಯುತ್ತವೆ.

"ಕೊಳೆ ಅಂತ ತೊಳ್ದ್ರೆ ಸಾಯ್ತವೆ ಅಂತೀರಿ" ಎಂದಳು.

"ಹೌದು. ತೊಟ್ಟಿ ಫಳಫಳ ಅನ್ನೋ ಮನೇಲಿ ಮೀನು ಉಳಿಯಲ್ಲ."

ಅವಳು ಸ್ಪಂಜನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಜೋಪಾನವಾಗಿ ತೊಟ್ಟಿಯ ನೀರಿಗೇ ಹಾಕಿದಳು.

ಹೊಸ ಮೀನು ತಂದರು. ಬದುಕಿದವು. ಶ್ರಾವಣ ಕಳೆಯಿತು, ಗೌರಿ ಬಂದಳು, ಗಣೇಶ ಬಂದ, ನೀರಿಗೆ ಬಿದ್ದು ಹೋದ, ಮೀನುಗಳು ಇದ್ದೇ ಇದ್ದವು. ನಾನು ಹೋದಾಗೆಲ್ಲ ನೋಡುತ್ತಿದ್ದೆ. ಕರಿ ಮೀನು ಅವಳ ನೆರಳು ಕಂಡರೆ ಮೇಲಕ್ಕೆ ಬರುತ್ತಿತ್ತು. ಅವಳು ಬೆರಳ ತುದಿಯಲ್ಲಿ ಕಾಳು ಹಿಡಿದರೆ ಅಲ್ಲಿಂದಲೇ ಕಿತ್ತುಕೊಂಡು ತಿನ್ನುತ್ತಿತ್ತು. ಆಗ ಅವಳ ಮುಖದಲ್ಲಿ ನಗು ನೋಡಿದೆ. ಆ ಮನೆಯಲ್ಲಿ ಅವಳ ನಗುವಿಗೆ ಬೇರೆ ಕಾರಣವನ್ನು ನಾನು ಕಾಣೆ.

ಇದರ ಕೀರ್ತಿ ಯಾರಿಗೆ ಹೋಯಿತು? ನೀರಿಗಲ್ಲ, ನನಗಲ್ಲ, ಅವಳಿಗಂತೂ ಅಲ್ಲವೇ ಅಲ್ಲ. ಜೋಯಿಸರು ಕೊಟ್ಟ ತಾಮ್ರದ ಯಂತ್ರವನ್ನು ತಂಗಿ ತೊಟ್ಟಿಯ ಹಿಂದೆ ಅಂಟಿಸಿದ್ದಳು, ಅದಕ್ಕೆ ಹೋಯಿತು. ಪುಣ್ಯಕ್ಕೆ ಹಿಂದೆ ಅಂಟಿಸಿದ್ದಳು, ತಾಮ್ರವನ್ನು ನೀರಿನೊಳಗೆ ಹಾಕಿದ್ದರೆ ಅದಕ್ಕೂ ಮೀನು ಸಾಯುತ್ತಿದ್ದವು. ಅನುಮಾನವೇನೂ ಹೋಗಲಿಲ್ಲ. ದಸರಾಕ್ಕೆ ಮಳವಳ್ಳಿಯಿಂದ ಮೇಷ್ಟರು ಮಗಳನ್ನು ಕರೆಯಲು ಬಂದರು. ನಾನೂ ಅಂದು ಅಲ್ಲಿದ್ದೆ. ಹೊಸಿಲ ಹತ್ತಿರ ನಿಂತು ತಂಗಿ ಸೊಸೆಗೆ ಹೇಳಿದಳು:

"ಓಗ್ ಬಾ ಕಣಮ್ಮ. ನೀನಿಲ್ದಾಗ ಮೀನ್ಗಳು ಎಂಗಿರ್ತವೆ ಅಂತ ಈ ಸಲ ನೋಡೇ ಬುಡಾನ."

ತಮಾಷೆಗೆ ಹೇಳಿದಂತೆ ಹೇಳಿದಳು. ಮೇಷ್ಟರು ನಕ್ಕರು, ಅವರಿಗೆ ಗೊತ್ತಾಗಲಿಲ್ಲ. ಹುಡುಗಿಗೆ ಗೊತ್ತಾಯಿತು. ನನಗೂ ಆಯಿತು. ಆಷಾಢದ ಸಾಕ್ಷಿಗೆ ಇನ್ನೊಂದು ಸಾಕ್ಷಿ ಬೇಕಾಗಿತ್ತು. ಅವಳಿಲ್ಲದ ದಿನಗಳಲ್ಲಿ ಮೀನು ಈಜಾಡಿಕೊಂಡಿದ್ದರೆ ಯಂತ್ರದ ಮಹಿಮೆ ಒಂದು ಕಡೆ, ಅವಳ ಕಾಲಿನ ಮಹಿಮೆ ಇನ್ನೊಂದು ಕಡೆ ಗಟ್ಟಿಯಾಗುತ್ತಿತ್ತು. ಒಂದು ವರ್ಷದ ಮಾತು ಮತ್ತೆ ಎದ್ದೇ ಏಳುತ್ತಿತ್ತು. ಡ್ರಮ್ಮು ತುಂಬಿತ್ತು, ಫಿಲ್ಟರು ಓಡುತ್ತಿತ್ತು, ಯಾರೂ ಮುಟ್ಟದಿದ್ದರೆ ಮೀನುಗಳು ಆರಾಮವಾಗಿ ಇರುತ್ತಿದ್ದವು. ನಾನು ಕಲಿಸಿದ ವಿದ್ಯೆಯೇ ಅವಳ ಕುತ್ತಿಗೆಗೆ ಬಂದಿತ್ತು. ನಾನು ಏನೂ ತೋಚದೆ ಮಂಡ್ಯಕ್ಕೆ ವಾಪಸು ಬಂದೆ.

ವಿಜಯದಶಮಿಯ ಮಾರನೆಯ ದಿನ ಫೋನ್ ಬಂತು. ಮಂಡಿನೋವು ಕೇಳಲಿಲ್ಲ, ನೇರ ಅಳು.

"ಅಕ್ಕ, ಮೀನೆಲ್ಲ ಸತ್ತೋದ್ವು ಕಣೆ. ಮನೆ ಲಕ್ಷ್ಮಿ ಒಸ್ಲು ದಾಟಿದ್ದೇ ತಡ, ಮನೆ ಕಳೇನೇ ಓಯ್ತು. ಅವಳಿದ್ದಾಗ ಎಂಗಿದ್ವು. ನಾನೇ ಪಾಪಿ, ಏನೇನೋ ಅಂದ್ಬುಟ್ಟೆ. ಇವತ್ತೇ ಓಗಿ ಕರ್ಕಂಬರಾನ, ನೀನೂ ಬಾ."

ಐದು ತಿಂಗಳು ಕೆಟ್ಟ ಕಾಲಾಗಿದ್ದದ್ದು ಒಂದು ಫೋನಿನಲ್ಲಿ ಲಕ್ಷ್ಮಿಯ ಪಾದವಾಯಿತು. ನಾನು ಮದ್ದೂರಿಗೆ ಹೋಗಿ ತೊಟ್ಟಿಯ ಮುಂದೆ ನಿಂತೆ. ನೀರು ಹಾಲಿನ ಹಾಗೆ ಮಸುಕಾಗಿತ್ತು. ಮೋಟಾರು ನಿಂತಿತ್ತು. ಅದರ ನೆತ್ತಿಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಆಗ ನೆನಪಾಯಿತು, ಆಯುಧಪೂಜೆ.

ಅವರ ಮನೆಯ ಕಟ್ಟಳೆ ಅದು. ಸೋಮನಹಳ್ಳಿಯ ಲೇತುಗಳಿಂದ ಹಿಡಿದು ಮನೆಯ ಮಿಕ್ಸಿಯವರೆಗೆ ಮೋಟಾರು ಇರುವುದೆಲ್ಲ ಆಯುಧ. ತಿಕ್ಕಿ ತೊಳೆದು, ಕುಂಕುಮವಿಟ್ಟು, ಬೂದುಗುಂಬಳ ಒಡೆದರೆ ವಿಜಯದಶಮಿಯ ಪೂಜೆ ಮುಗಿಯುವವರೆಗೆ ಸ್ವಿಚ್ಚು ಮುಟ್ಟುವ ಹಾಗಿಲ್ಲ. ಫ್ರಿಜ್ಜಿಗೆ ಮಾತ್ರ ಈ ನಿಯಮವಿಲ್ಲ, ಯಾಕೆಂದರೆ ಹಾಲು ಒಡೆಯುತ್ತದೆ. ಟೀವಿಗೂ ಇಲ್ಲ, ಜಂಬೂ ಸವಾರಿ ನೋಡಬೇಕು. ಮೀನಿನ ಮೋಟಾರು ಆಯುಧ. ಹೋದ ವರ್ಷ ಹೊಸ ಮನೆಯ ಗಡಿಬಿಡಿಯಲ್ಲಿ ಅದೊಂದು ತಪ್ಪಿಸಿಕೊಂಡಿತ್ತು.

"ಸ್ಪಂಜೂ ತೊಳೆದ್ರಾ?" ಎಂದೆ.

"ಸೋಪಾಕಿ ತೊಳ್ದೆ ಕಣಕ್ಕ, ಎಂಥ ಕೊಳೆ ಅಂತೀಯ. ನಲ್ಲಿ ಕೆಳಗೆ ಇಡ್ದು ಬೆಳ್ಳಗ್ ಮಾಡ್ದೆ. ತೊಟ್ಟಿ ನೀರೂ ಬದ್ಲಾಯಿಸ್ದೆ."

ಇಲ್ಲೇ ಎಲ್ಲವನ್ನೂ ಬಿಡಿಸಿ ಹೇಳೋಣ ಎಂದು ಬಾಯಿ ತೆರೆದೆ. ಒಳ್ಳೆಯ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು, ದಡ್ಡಿ ಎಂಬುದು ಅವುಗಳಲ್ಲಿ ಅತ್ಯಂತ ಮೃದುವಾದದ್ದು. ಅಷ್ಟರಲ್ಲಿ ತಂಗಿಯೇ ಮುಂದುವರಿಸಿದಳು.

"ನಾನೇನ್ ಕೇಳ್ದೆ ಮಾಡ್ಲಿಲ್ಲಮ್ಮ. ಮುಟ್ಬೇಡಿ ಅಂತ ನೀನು ಏಳಿದ್ಯಲ್ಲ. ಅವಳ್ನ ಗೇಟ್ ಗಂಟ ಕಳ್ಸಕ್ ಓದಾಗ ಕೇಳ್ದೆ, ಆಯುಧಪೂಜೆಗೆ ಮೀನಿನ ಮೋಟ್ರು ತೊಳೀಬೋದೇನಮ್ಮ ಅಂತ. ಚೆನ್ನಾಗಿ ತೊಳೀರಿ ಅತ್ತೆ, ಎಲ್ಲಾದ್ರ ಜೊತೆ ಪೂಜೆಗಿಡಿ ಅಂದ್ಲು."

ನಾನು ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಹೇಳಲು ಇಷ್ಟೊಂದು ಇದ್ದು ಹೇಳದೆ ಕೂತದ್ದು ಅದೇ ಮೊದಲು. ಕಾರಿನಲ್ಲಿ ಮಳವಳ್ಳಿಯವರೆಗೆ ತಂಗಿ ಸೊಸೆಯ ಗುಣಗಾನ ಮಾಡಿದಳು. ಅವಳ ಗಂಡ, ಹುಡುಗಿ ಬಂದ ಮೇಲೆಯೇ ವರ್ಕ್‌ಶಾಪಿಗೆ ಕೆಲಸ ಹೆಚ್ಚಾದದ್ದು ಎಂದು ಕಂಡುಹಿಡಿದ. ಮಗ ಮುಂದಿನ ಸೀಟಿನಲ್ಲಿ ಕೂತು ಹೌದು ಹೌದು ಎಂದ. ಕಿಟಕಿಯಾಚೆ ಕಬ್ಬು, ಬತ್ತ, ಮತ್ತೆ ಕಬ್ಬು. ನಾನು ಅದನ್ನೇ ನೋಡುತ್ತಾ ಕೂತೆ.

ಮೇಷ್ಟರ ಮನೆಯಲ್ಲಿ ಎಲ್ಲರೂ ಕಾಫಿಗೆ ಕೂತಾಗ ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಹುಡುಗಿ ಒಗೆಯುವ ಕಲ್ಲಿನ ಹತ್ತಿರ ಚೆಂಬು ಹಿಡಿದು ನಿಂತಿದ್ದಳು. ನನ್ನ ಕೈಗೆ ನೀರು ಹಾಕಿದಳು.

"ತೊಳೀರಿ ಅಂದ್ಯಂತೆ."

"ಊಂ."

"ಏನಾಗುತ್ತೆ ಅಂತ ಗೊತ್ತಿತ್ತಲ್ಲ ನಿನಗೆ."

"ನೀವೇ ಏಳ್ಕೊಟ್ಟಿದ್ರಲ್ಲ, ದೊಡ್ಡತ್ತೆ." ಚೆಂಬನ್ನು ಕಲ್ಲಿನ ಮೇಲಿಟ್ಟಳು. "ಅವು ಬದುಕಿದ್ರೆ ನಾನು ಇಲ್ಲೇ ಇರ್ಬೇಕಿತ್ತು. ನಾನಿದ್ದಾಗ ಬದುಕ್ಬೇಕು, ನಾನಿಲ್ದಾಗ ಸಾಯ್ಬೇಕು. ಅವ್ರಿಗೆ ಅರ್ಥ ಆಗೋದು ಅಷ್ಟೇ. ನೀರು ಅಂದ್ರೆ ಕೇಳಿದ್ರಾ ಯಾರಾದ್ರೂ?"

ಇಡೀ ಮನೆಯಲ್ಲಿ ನನ್ನ ಪಾಠ ಅರ್ಥವಾದದ್ದು ಅವಳೊಬ್ಬಳಿಗೆ. ಅದನ್ನು ಅವಳು ಬಳಸಬೇಕಾಗಿ ಬಂದದ್ದು ಹೀಗೆ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಒಳಗೆ ಕಾಫಿ ಕುಡಿಯುತ್ತಿದ್ದ ಮೂವರ ಮೇಲೆ ಬಂದ ಅಸಹ್ಯ ಮಾತ್ರ ಇವತ್ತಿಗೂ ಇಳಿದಿಲ್ಲ.

"ಕರೀದೂ ಓಯ್ತಾ?" ಎಂದು ಕೇಳಿದಳು.

"ಹೋಯ್ತು."

ತಲೆ ಆಡಿಸಿದಳು. ಅದೇ ಚೆಂಬಿನ ನೀರಿನಲ್ಲಿ ಮುಖ ತೊಳೆದುಕೊಂಡಳು, ಸೆರಗಿನಲ್ಲಿ ಗಟ್ಟಿಯಾಗಿ ಒರೆಸಿಕೊಂಡಳು.

ಹೊರಡುವಾಗ ಮೇಷ್ಟರು ಕೈ ಮುಗಿದು ವಾಡಿಕೆಯ ಮಾತು ಆಡಿದರು. ದೀಪಾವಳಿ ಮೊದಲನೆಯದು, ಮಗಳು ಅಳಿಯ ಇಬ್ಬರನ್ನೂ ಕಳಿಸಿಕೊಡಬೇಕು ಎಂದರು. ನನ್ನ ತಂಗಿ ಸೊಸೆಯ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಇನ್ನೆಲ್ಲಿ ಕಳ್ಸಾದು ಬೀಗ್ರೆ? ಇವಳು ನಾಕ್ ದಿನ ಇಲ್ದಿದ್ದಕ್ಕೆ ಇಂಗಾಯ್ತು. ಇನ್ ಮ್ಯಾಲೆ ನಮ್ಮ ಲಕ್ಷ್ಮೀನ ಒಸ್ಲು ದಾಟಕ್ ಬುಡಾಕ್ಕಿಲ್ಲ. ನೀವೇ ಬಂದು ನೋಡ್ಕೊಂಡೋಗಿ."

ಮೇಷ್ಟರಿಗೆ ಸಂತೋಷದಲ್ಲಿ ಕಣ್ಣು ತುಂಬಿತು, ಮಗಳನ್ನು ಇಷ್ಟೊಂದು ಹಚ್ಚಿಕೊಂಡಿದ್ದಾರಲ್ಲ ಎಂದು. ಹುಡುಗಿ ನನ್ನ ಕಡೆ ನೋಡಿದಳು. ಅಷ್ಟು ಲೆಕ್ಕ ಹಾಕಿದವಳು ಇದೊಂದನ್ನು ಹಾಕಿರಲಿಲ್ಲ.

ಮದ್ದೂರಿನ ಹೊಸಿಲಲ್ಲಿ ತಂಗಿ ಒಂದು ಬಿಂದಿಗೆ ಕಾವೇರಿ ನೀರಿನಿಂದ ಸೊಸೆಯ ಪಾದ ತೊಳೆದು ಆರತಿ ಎತ್ತಿದಳು. ನಾನು ವಾಡಿಕೆಯಂತೆ ದೂರ ನಿಂತೆ, ಅಲ್ಲಿಗೂ ಬ್ಲೀಚಿಂಗ್ ಪುಡಿಯ ವಾಸನೆ ಬಂತು. ತಂಗಿಯ ಗಂಡ ದಾರಿಯಲ್ಲೇ ಕೊಂಡಿದ್ದ ಹೊಸ ಮೀನುಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಕೆಂಪು ಮೀನುಗಳ ನಡುವೆ ಒಂದು ಕರಿಯದು. ಹುಡುಗಿ ಆರತಿಯ ಕುಂಕುಮ ಒಣಗುವ ಮುಂಚೆಯೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮಸುಕು ನೀರನ್ನು ಚೆಲ್ಲಿ, ಹಿತ್ತಲಿನ ಡ್ರಮ್ಮಿನಿಂದ ಹೊತ್ತು ತಂದು ತುಂಬಿದಳು. ಮೋಟಾರಿನ ಕುಂಕುಮವನ್ನು ಬೆರಳಿನಿಂದ ಒರೆಸಿ ಸ್ವಿಚ್ ಹಾಕಿದಳು. ಸ್ಪಂಜು ಹೊಸದರಂತೆ ಬೆಳ್ಳಗಿತ್ತು. ಗುತ್ತಲಿನ ನನ್ನ ತೊಟ್ಟಿಯ ಕೊಳೆ ಸ್ಪಂಜೊಂದನ್ನು ನಾಳೆಯೇ ತಂದುಕೊಡುತ್ತೇನೆ, ಅಲ್ಲಿಯವರೆಗೆ ಮೇವು ಕಡಿಮೆ ಹಾಕು ಎಂದೆ.

ಚೀಲ ಬಿಚ್ಚಿ ಮೀನುಗಳನ್ನು ಬಿಟ್ಟಾಗ ಕರಿಯದು ಒಂದು ಸುತ್ತು ಹಾಕಿ ಮೇಲೆ ಬಂತು. ಅವಳ ಬೆರಳು ನೀರಿನ ಅಂಚಿನಲ್ಲಿತ್ತು. ಅದು ಬಂದು ಮೂತಿ ತಾಗಿಸಿತು. ಅವಳು ಕೈ ಎಳೆದುಕೊಂಡಳು.

"ಎರಡು ಕಾಳು ಹಾಕು, ಹಸಿದಿರುತ್ತೆ" ಎಂದೆ.

ಅವಳು ಕಾಳನ್ನು ದೂರದಿಂದಲೇ ನೀರಿಗೆ ಉದುರಿಸಿದಳು.

"ಇದಕ್ಕೆ ಕೈಯಲ್ಲಿ ತಿನ್ನಾದು ಕಲಿಸಲ್ಲ, ದೊಡ್ಡತ್ತೆ" ಎಂದಳು. "ನಾನೂ ಯಾವತ್ತಾದ್ರೂ ತವರಿಗೆ ಓಗ್ಬೇಕಲ್ಲ."